ಮೇಣ ಮೆತ್ತಿದ ಎತ್ತರಮಾಪಕ

೨೦೨೪ ಡಿಸೆಂಬರ್ ೧೫, ರವಿವಾರ, ಬೆಳಿಗ್ಗೆ ೭ ಗಂಟೆ ೧೦ ನಿಮಿಷ. ಶಹಾಪುರದ ಗುಡ್ಡದ ಬುಡದಲ್ಲಿ ಡಬ್ಬಿಯ ಗುಂಡಿ ಒತ್ತಿ ಸೊನ್ನೆಗೆ ತಂದೆ.

ಡಬ್ಬಿ ನಾನೇ ಮಾಡಿದ್ದು. ಒಳಗೆ ಹೆಸರುಕಾಳಿನಷ್ಟು ಸಣ್ಣ ಸೆನ್ಸರ್, ಪುಟ್ಟ ಪರದೆ, ಹಳೆಯ ಮೊಬೈಲಿನ ಬ್ಯಾಟರಿ. ಮೇಲೇರಿದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ; ಅದನ್ನು ಅಳೆದು ಎತ್ತರವನ್ನು ಮೀಟರಿನಲ್ಲಿ ತೋರಿಸಬೇಕು. ಸೋದರಮಾವ ಭೀಮರಾಯರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಮುದನಾಳದ ಶೆಡ್ಡಿನಲ್ಲಿ ತಾವೇ ಜೋಡಿಸಿದ ಒಂದಾಳಿನ ವಿಮಾನಕ್ಕೆ ಎತ್ತರಮಾಪಕ ಬೇಕಿತ್ತು. ಅಂಗಡಿಯದು ಅವರ ಪಿಂಚಣಿಗೆ ಎಟುಕುವಂಥದ್ದಲ್ಲ. ನನ್ನದಕ್ಕೆ ಎಂಟುನೂರು ರೂಪಾಯಿಯೂ ಆಗಿರಲಿಲ್ಲ. ಆದರೆ ಅವರದೊಂದು ಶರತ್ತು. ಗುಡ್ಡದ ಮೇಲಿನ ಕಲ್ಲು ಬುಡದಿಂದ ೯೬ ಮೀಟರ್ ಎತ್ತರವೆಂದು ಕಾಲೇಜಿನ ಸರ್ವೆ ಉಪಕರಣದಿಂದ ಅಳೆದಿದ್ದೆವು. ಡಬ್ಬಿ ಹತ್ತು ಮೀಟರ್‌ಗಿಂತ ಹೆಚ್ಚು ತಪ್ಪಿದರೆ ವಿಮಾನದಲ್ಲಿ ಅದಕ್ಕೆ ಜಾಗವಿಲ್ಲ.

ಮಾಮಾನೂ ನನ್ನ ಜೊತೆ ಹತ್ತಿದರು. ಮೇಲೆ ತಲುಪಿದಾಗ ಪರದೆಯಲ್ಲಿ ಮೈನಸ್ ೫೮.

“ಏ ಮಲ್ಲೇಶ್ವರಿ, ಗುಡ್ಡ ಹತ್ತಾಕತ್ತೀವಿ ಅಂತ ತಿಳ್ಕೊಂಡಿದ್ದೆ. ಬಾವ್ಯಾಗ ಇಳಿದೀವೇನವಾ?”

“ತಡೀರಿ ಮಾಮಾ.”

“ನಾ ತಡೀತೀನಿ. ವಿಮಾನ ತಡಿಯಂಗಿಲ್ಲ.”

ಡಬ್ಬಿ ಬಿಸಿಲಿಗೆ ಬೆಚ್ಚಗಾಗಿತ್ತು. ತಿರುಗಿಸಿ ನೋಡಿದೆ. ಸಂದಿಗಳಿಗೆಲ್ಲ ಮೇಣ. ಹತ್ತಿ ಬಿಡಿಸುವ ಕಾಲಕ್ಕೆ ಕರಿಮಣ್ಣಿನ ಧೂಳು ಎಲ್ಲದರೊಳಗೂ ಹೊಗುತ್ತದೆಂದು ನಮ್ಮ ಮನೆಯಲ್ಲಿ ಹೊಸ ಸ್ವಿಚ್‌ಬೋರ್ಡಿಗೂ ಮೊದಲು ಮೇಣ ಮೆತ್ತುತ್ತೇವೆ. ಕೈ ತಾನಾಗಿ ಅದನ್ನೇ ಮಾಡಿತ್ತು. ಹೊರಗಿನ ಗಾಳಿ ಸೆನ್ಸರನ್ನು ಮುಟ್ಟಿಯೇ ಇರಲಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯಾಗಿ, ಒತ್ತಡ ಏರಿ, ನಾವು ಇಳಿಯುತ್ತಿದ್ದೇವೆಂದು ಡಬ್ಬಿ ತಿಳಿದಿತ್ತು. ಇದೇ ಪಾಠವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡುತ್ತೇನೆ.

ಸೀರೆಯ ಪಿನ್ನು ತೆಗೆದು ಮೇಣಕ್ಕೆ ಚುಚ್ಚಿದೆ. ಅಂಕಿ ಸರಸರನೆ ಏರಿ ೯೨ಕ್ಕೆ ನಿಂತಿತು.

“ಧೂಳಿಗೇನ್ ಮಾಡ್ತಿ?”

“ತೂತಿಗೆ ತೆಳು ಬಟ್ಟಿ ಅಂಟಸ್ತೀನ್ರಿ. ಗಾಳಿ ಹೋಗ್ತದ, ಧೂಳು ಹೋಗಂಗಿಲ್ಲ.”

“ಏರೂದು ಸರಿ ಆತು. ಇಳಿಯೂ ಮುಂದ ಸುಳ್ಳು ಹೇಳಿತಂದ್ರ ನಾ ನೆಲಕ್ಕ ಬಡೀತೀನಿ. ನಡಿ ಕೆಳಗ.”

ಕೆಳಗಿಳಿದೆವು. ೮ ಗಂಟೆ ೪೦ ನಿಮಿಷಕ್ಕೆ, ಹೊರಟ ಜಾಗದಲ್ಲೇ ಡಬ್ಬಿ ಇಟ್ಟೆ. ಬೆಳಗಿನ ಹೊತ್ತು ಒತ್ತಡ ತಾನಾಗಿಯೇ ತುಸು ಏರುವುದರಿಂದ ಸರಿಯಾಗಿ ಸೊನ್ನೆ ಬರಲಿಕ್ಕಿಲ್ಲ, ತುಸು ಕೆಳಗೇ ತೋರಿಸೀತೆಂದು, ಪರದೆ ನೋಡುವ ಮೊದಲೇ ಅವರಿಗೆ ಹೇಳಿದೆ. ಮಾಮಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಡಬ್ಬಿಯನ್ನು ವಿಮಾನಕ್ಕೆ ಕೂಡಿಸುವ ನಾಲ್ಕು ಸ್ಕ್ರೂಗಳ ಜಾಗ ಗುರುತು ಮಾಡತೊಡಗಿದರು. ಪರದೆಯಲ್ಲಿದ್ದದ್ದು ಮೈನಸ್ ೩ ಮೀಟರ್.