ಆರುನೂರ ನಲವತ್ತನೆಯ ಮೆಟ್ಟಿಲು

ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತೇನೆಂದು ಮಂಗಳಮ್ಮ ಹರಕೆ ಹೊತ್ತಿದ್ದು, ಮೊಮ್ಮಗಳು ಸಿಂಚನಳಿಗೆ ಬುದ್ಧಿ ಬರಲಿ ಎಂದು. ಬುದ್ಧಿ ಎಂದರೆ ಮಂಗಳಮ್ಮನ ಲೆಕ್ಕದಲ್ಲಿ ಬ್ಯಾಂಕಿನ ಕೆಲಸ.

ಸಿಂಚನಳೇನು ಸೋಮಾರಿಯಲ್ಲ. ಭಾನುವಾರ ಬಂತೆಂದರೆ ಚಿಕ್ಕವರು, ದೊಡ್ಡವರು, ಬಂದವರನ್ನೆಲ್ಲ ಕಟ್ಟಿಕೊಂಡು ಬೆಟ್ಟದ ಕಾಡು ತೋರಿಸಲು ಹೊರಟುಬಿಡುವಳು. ಅದನ್ನು ಕೆಲಸ ಎನ್ನಲು ಮಂಗಳಮ್ಮನಿಗೆ ಬಾಯಿ ಬರುತ್ತಿರಲಿಲ್ಲ. "ಗಿಡ ನೋಡಕ್ಕೆ ಕಣ್ಣಿದ್ರೆ ಸಾಕು, ಹೇಳ್ಕೊಡೋಳು ಬೇರೆ ಬೇಕಾ" ಎಂದು ಸಿದ್ಧಾರ್ಥನಗರದ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದರು. ಕಾಡಿ, ಬೇಡಿ, ಒಂದು ಹೊತ್ತು ಊಟ ಬಿಟ್ಟು, ಅಂತೂ ಬ್ಯಾಂಕ್ ಪರೀಕ್ಷೆಗೆ ಕಳಿಸಿದ್ದಾಯಿತು. ಫಲಿತಾಂಶ ಬುಧವಾರ. ಅದಕ್ಕೇ ಈ ಭಾನುವಾರ ಹರಕೆ. ಏನು ಬೇಡಿಕೊಳ್ಳುತ್ತಿದ್ದೇನೆಂದು ಮಾತ್ರ ಸಿಂಚನಳಿಗೆ ಹೇಳಿರಲಿಲ್ಲ.

ಅಜ್ಜಿಯನ್ನು ಒಬ್ಬಳನ್ನೇ ಬಿಡಲಾರದೆ ಸಿಂಚನ ತನ್ನ ಗುಂಪನ್ನೂ ಅದೇ ಮೆಟ್ಟಿಲ ದಾರಿಯಲ್ಲಿ ಕರೆತಂದಳು. ಅಂದು ಬಂದವರು ಹನ್ನೊಂದು ಜನ. ಎಂಬತ್ತು ದಾಟಿದ ಪುಟ್ಟಣ್ಣ ಮೇಷ್ಟ್ರು ಕೋಲೂರಿಕೊಂಡು ಬಂದಿದ್ದರು. ಆರು ವರ್ಷದ ಮಾಲವಿಕಾ ಇದ್ದಳು. ಮೇಟಗಳ್ಳಿಯ ಕಾರ್ಖಾನೆಯ ಮೋಹನ್ ಬಂದಿದ್ದು ಚಿರತೆ ನೋಡಲು, ಅದೂ ಒಂಬತ್ತು ಗಂಟೆಯೊಳಗೆ.

ಮಂಗಳಮ್ಮ ಬಾಗುವರು, ಅರಿಶಿನ ಎಳೆಯುವರು, ಕುಂಕುಮದ ಬೊಟ್ಟಿಟ್ಟು "ಬ್ಯಾಂಕ್ ಕೆಲಸ ಕೊಡ್ಸು ತಾಯಿ" ಎಂದು ಒಳಗೊಳಗೇ ಹೇಳಿ ಮೇಲಿನ ಮೆಟ್ಟಿಲಿಗೆ ಹೋಗುವರು. ಮಂಡಿ ಮುಷ್ಕರ ಹೂಡಿದ್ದರೂ ಎಣಿಕೆ ತಪ್ಪಲಿಲ್ಲ. ಆರುನೂರ ನಲವತ್ತನೆಯ ಮೆಟ್ಟಿಲಿಗೆ ಕೈ ಚಾಚಿದಾಗ ಸಿಂಚನ ಮೆಲ್ಲಗೆ ಕೈ ಹಿಡಿದಳು.

"ಒಂದ್ನಿಮಿಷ ಅಜ್ಜಿ."

ಮೆಟ್ಟಿಲಿನ ಉದ್ದಕ್ಕೂ ಇರುವೆಗಳ ಸಾಲು. ಒಂದೊಂದರ ಬಾಯಲ್ಲೂ ಅಕ್ಕಿಯಷ್ಟು ಬಿಳಿಯದೇನೋ ಇತ್ತು.

"ಮರಿಗಳನ್ನ ಹೊತ್ಕೊಂಡು ಮನೆ ಬದಲಾಯಿಸ್ತಿವೆ" ಎಂದಳು ಸಿಂಚನ. "ಅರಿಶಿನ ಬಿದ್ರೆ ದಾರಿ ತಪ್ಪುತ್ತೆ."

ಅದನ್ನು ಮಂಗಳಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಕ್ಕರೆ ಡಬ್ಬಿಯ ಸುತ್ತ ಅರಿಶಿನ ಸುರಿದು ಐವತ್ತು ವರ್ಷ ಇರುವೆ ಓಡಿಸಿದ್ದರು. ಅವು ಹೊತ್ತೊಯ್ಯುವುದು ಏನೆಂದು ಬಗ್ಗಿ ನೋಡಿದ್ದು ಇದೇ ಮೊದಲು.

ಮಾಲವಿಕಾ ಬೋರಲಾಗಿ ಮಲಗಿಯೇಬಿಟ್ಟಳು. ಮೇಷ್ಟ್ರಿಗೆ ಬಗ್ಗಲಾಗದು, ಕಣ್ಣೂ ಮಂಜು. "ಮೇಷ್ಟ್ರಿಗೆ ನೀನೇ ಹೇಳು" ಎಂದು ಸಿಂಚನ ಮಗುವಿಗೆ ಒಪ್ಪಿಸಿದಳು. "ತಾತ, ಒಂದು ಬೀಳಿಸ್ಬುಡ್ತು. ಇನ್ನೊಂದು ಬಂದು ಎತ್ಕೊಡ್ತಾ ಇದೆ" ಎಂದು ಮಗು ವರದಿ ಕೊಡುತ್ತಿದ್ದರೆ, ಮೇಷ್ಟ್ರು ಕಣ್ಣು ಮುಚ್ಚಿ ನಗುತ್ತಾ ಕೇಳುತ್ತಿದ್ದರು. ಮೋಹನನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಅವನು ಯಾರೋ ಎಸೆದಿದ್ದ ಚಿಪ್ಸಿನ ಕವರನ್ನು ಸಾಲಿನ ದಾರಿಯಿಂದ ಎತ್ತಿ ಜೇಬಿಗೆ ತುರುಕಿಕೊಂಡ. ದರ್ಶನಕ್ಕೆ ಹೋಗುತ್ತಿದ್ದವರೂ ನಿಂತು ನೋಡಿ, ಆ ಮೆಟ್ಟಿಲನ್ನು ತುಳಿಯದೆ ದಾಟಿಕೊಂಡು ಹೋದರು. ಸಿಂಚನ ಯಾರಿಗೂ ಜೋರು ಮಾಡಲಿಲ್ಲ, ಸುಮ್ಮನೆ ಕೂತು ತೋರಿಸಿದಳು, ಅಷ್ಟೆ.

ಮಂಗಳಮ್ಮ ಮೊಮ್ಮಗಳ ಮುಖವನ್ನೇ ನೋಡಿದರು. ಹೆಮ್ಮೆಯಿಂದ ಎದೆ ತುಂಬಿತು. ಮರುಕ್ಷಣವೇ ಹರಕೆಯ ಲೆಕ್ಕ ನೆನಪಾಯಿತು. ಆರುನೂರ ಮೂವತ್ತೊಂಬತ್ತು ಅರ್ಜಿ ಆಗಲೇ ಮೇಲಕ್ಕೆ ತಲುಪಿವೆ. ತಾಯಿ ನಡೆಸಿಕೊಟ್ಟುಬಿಟ್ಟರೆ ಈ ಹುಡುಗಿ ಬುಧವಾರದಿಂದ ಬ್ಯಾಂಕಿನ ಗಾಜಿನ ಹಿಂದೆ ಕೂರಬೇಕು.

ಬಟ್ಟಲು ಹಿಡಿದು ಅವರು ಕೆಳಗೆ ಇಳಿಯತೊಡಗಿದರು.

"ಅಜ್ಜಿ, ಎಲ್ಲಿಗೆ?"

"ಮೊದಲ್ನೇ ಮೆಟ್ಟಿಲಿಂದ ಮತ್ತೆ ಶುರು ಮಾಡ್ಬೇಕು ಕಣವ್ವ. ತಪ್ಪು ಬೇಡ್ಕೊಂಡ್ಬುಟ್ಟಿದೀನಿ."

ಮಂಡಿ ಹಿಡಿದುಕೊಂಡು ಅಲ್ಲೇ ಕೂತು ಎಲ್ಲವನ್ನೂ ಹೇಳಿಕೊಂಡರು. ಸಿಂಚನಳ ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡರೆ, ಪಕ್ಕದಲ್ಲಿ ಕೂತು ತಲೆ ತಗ್ಗಿಸಿದಳು.

"ಅಜ್ಜಿ, ನಾನು ಪರೀಕ್ಷೆನೇ ಬರೆದಿಲ್ಲ. ಅವತ್ತು ಸ್ಕೂಲ್ ಮಕ್ಕಳನ್ನ ಕುಕ್ಕರಹಳ್ಳಿ ಕೆರೆಗೆ ಕರ್ಕೊಂಡು ಹೋಗ್ಬಿಟ್ಟಿದ್ದೆ. ನೀನು ಕಟ್ಕೊಟ್ಟಿದ್ದ ಚಿತ್ರಾನ್ನನೂ ಅವರ ಜೊತೆ ಹಂಚ್ಕೊಂಡು ತಿಂದೆ."

ಮಂಗಳಮ್ಮ ಬಾಯಿ ತೆರೆದರು. ಬೈಗುಳವೊಂದು ನಾಲಿಗೆಯ ತುದಿಗೆ ಬಂದು, ದಾರಿಯಲ್ಲೇ ನಗುವಾಯಿತು. ಮೇಷ್ಟ್ರು ಏನಾಯಿತೆಂದು ತಿಳಿಯದೆಯೇ ಜೊತೆಗೂಡಿ ನಕ್ಕರು.

"ಅಂಗಾದ್ರೆ ಕೆಳಗಿಳಿಯೋದು ತಪ್ತು ಬುಡು" ಎಂದು ಮಂಗಳಮ್ಮ ಕಣ್ಣೊರೆಸಿಕೊಂಡು ಎದ್ದರು. ಇರುವೆಗಳ ಮೆಟ್ಟಿಲನ್ನು ದಾಟಿ ಮೇಲಿನದಕ್ಕೆ ಬಾಗಿದರು. "ಈಗ ಏನ್ ಕೇಳ್ಕೊಳ್ಲಿ, ನೀನೇ ಹೇಳು."

"ಮುಂದಿನ ವಾರಾನೂ ಹನ್ನೊಂದು ಜನ ಬರಲಿ ಅಂತ ಕೇಳ್ಕೊ."

ಮಂಗಳಮ್ಮ ಅರಿಶಿನ ಎಳೆದು, ಬೊಟ್ಟಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೆಚ್ಚು ಹೊತ್ತೇ ನಿಂತರು.

"ಹನ್ನೆರಡು ಅಂತ ಕೇಳಿದೀನಿ" ಎಂದರು. "ನಾನೂ ಬರ್ತೀನಿ."