ಬೆನ್ನ ಮೇಲಿನ ಕೆಂಪು

ಸೋಮವಾರ ಸಂಜೆ ಮೊಮ್ಮಗಳ ಮೈ ಒರೆಸುತ್ತಿದ್ದ ಅಜ್ಜಿಯ ಕೈ ತಟ್ಟನೆ ನಿಂತಿತು. ಹತ್ತು ತಿಂಗಳ ಕೂಸಿನ ಬೆನ್ನಿನಲ್ಲಿ, ಎರಡು ಹೆಗಲುಗಳ ನಡುವೆ, ಕೆಂಪಗೆ ಕಂದಿತ್ತು. ಸೊಳ್ಳೆ ಕಚ್ಚಿದ್ದಲ್ಲ, ಬೆವರುಸಾಲೆಯೂ ಅಲ್ಲ. ಮೂವತ್ತು ವರ್ಷ ಹೊಲಿಗೆ ಕಲಿಸಿದ ಅಜ್ಜಿ ಬಟ್ಟೆಯ ಮೇಲಿನ ಕಲೆ ಯಾವುದರದೆಂದು ಒಂದೇ ನೋಟಕ್ಕೆ ಹೇಳಬಲ್ಲವರು. ಇದು ಕೈಯ ಗುರುತು.

"ಮಗು ಎಲ್ಲಾದ್ರೂ ಬಿತ್ತೇನೆ?" ಎಂದು ಆಯಾಳನ್ನು ಕೇಳಿದರು.

"ಇಲ್ಲ ಟೀಚರಮ್ಮ." ಆಯಾ ತಲೆಯೆತ್ತದೆ ಹಾಲಿನ ಬಾಟಲಿ ತೊಳೆಯುತ್ತಿದ್ದಳು.

ಅವಳು ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮಾತು ಕಡಿಮೆ, ಕೆಲಸ ಚೊಕ್ಕ. ಮಧ್ಯಾಹ್ನ ಅಜ್ಜಿ ಒಳಕೋಣೆಯಲ್ಲಿ ಮಲಗಿದರೆ, ಗಾಳಿಗೆ ಬಾಗಿಲು ಬಡಿಯದಿರಲೆಂದು ಚೌಕಟ್ಟಿಗೆ ಮಡಿಸಿದ ಬಟ್ಟೆಯೊಂದನ್ನು ಸಿಕ್ಕಿಸಿ ಮುಚ್ಚುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡಿದ್ದ ಅಜ್ಜಿಗೆ ಆ ಬಟ್ಟೆಯೂ ಈಗ ಬೇರೆಯೇ ಕಥೆ ಹೇಳತೊಡಗಿತು. ಹೊರಗಿನ ಸದ್ದು ತನಗೆ ಕೇಳಿಸಬಾರದೆಂದೇ ಸಿಕ್ಕಿಸುತ್ತಿದ್ದಳೋ ಏನೋ.

ಮರುದಿನ ಬಟ್ಟೆ ತಂದ ಇಸ್ತ್ರಿಯವನು ಗಂಟು ಇಳಿಸುತ್ತಾ ಕೇಳಿದ, "ಮಗು ಹುಷಾರಾಗಿದ್ಯಾ ಟೀಚರಮ್ಮ? ನಿನ್ನೆ ಮೂರು ಗಂಟೆಗೆ ನಿಮ್ಮ ಆಯಾ ಎತ್ಕೊಂಡು ಆಟೋ ಹತ್ತಿದ್ಲು. ಕಾಲಲ್ಲಿ ಚಪ್ಪಲಿನೂ ಇರ್ಲಿಲ್ಲ."

"ಎಲ್ಲಿಗೆ ಹೋದ್ಲು?"

"ನಾನು ಇಸ್ತ್ರಿ ಮಾಡೋನು ಟೀಚರಮ್ಮ, ಪತ್ತೇದಾರ ಅಲ್ಲ."

ಸಂಜೆ ಅಂಚೆ ಕಚೇರಿಯಿಂದ ಮಗಳು ಬಂದ ಕೂಡಲೇ ಅಜ್ಜಿ ಎಲ್ಲವನ್ನೂ ಹೇಳಿದರು. ಮಗಳ ಮುಖ ಬಿಗಿಯಾಯಿತು.

"ಸಾಕು ಬಿಡಮ್ಮ. ನಾಳೆ ಒಂದಿನ ರಜೆ ಸಿಗಲ್ಲ. ಮಗೂನ ನಿನ್ನ ಪಕ್ಕದಿಂದ ಕದಲಿಸಬೇಡ. ಸಂಜೆ ಬಂದು ನಾನೇ ಹೇಳ್ತೀನಿ, ಇನ್ನು ಬರಬೇಡ ಅಂತ."

ಬುಧವಾರ ಮಧ್ಯಾಹ್ನ ಅಜ್ಜಿ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನಿದ್ದೆಯ ನಟನೆ ಮಾಡಿದರು. ಆಯಾ ಒಳಗೆ ಇಣುಕಿದಳು. ಸದ್ದಿಲ್ಲದೆ ಬಂದು ಮಗುವಿನ ಬೀರು ತೆರೆದಳು. ಅಜ್ಜಿ ಹೆಣೆದ ಹಳದಿ ಸ್ವೆಟರ್ ತೆಗೆದು, ಅದರ ಗುಂಡಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗಿದಳು. ಗುಂಡಿ ಕಿತ್ತು ಬಂತು. ಆಮೇಲೆ ಇನ್ನೊಂದು.

"ನಾನು ಹೊಲಿದಿದ್ದಕ್ಕೆ ಯಾಕೆ ಕೈ ಹಾಕ್ತಿದ್ದೀಯಾ?" ಅಜ್ಜಿ ಎದ್ದು ಕುಳಿತರು. "ಮಗೂನ ಹೊಡೆದಿದ್ದು ಸಾಲ್ದೇನು?"

ಆಯಾ ಬೆದರಿ ನಿಂತಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ, ಒಂದು ಹಸಿರು ಗುಂಡಿಯನ್ನೂ ನಾಲ್ಕು ಮಡಿಕೆಯ ಡಾಕ್ಟರ ಚೀಟಿಯನ್ನೂ ಅಜ್ಜಿಯ ಮುಂದಿಟ್ಟಳು.

"ಹೊಡೆದಿದ್ದು ನಿಜ ಟೀಚರಮ್ಮ. ಇದು ಮಗುವಿನ ಗಂಟಲಲ್ಲಿತ್ತು."

ಅಜ್ಜಿ ಗುಂಡಿ ಎತ್ತಿಕೊಂಡರು. ಸೋಮವಾರ ಮಗು ತೊಟ್ಟಿದ್ದ ಹಸಿರು ಸ್ವೆಟರಿನದು. ತೂತಿನಲ್ಲಿ ಇನ್ನೂ ದಾರದ ಎಳೆ ಇತ್ತು, ತುದಿಗೆ ಗಂಟಿರಲಿಲ್ಲ. ಕಣ್ಣು ಮಂಜಾದ ಮೇಲೂ ಗುಂಡಿ ತಾನೇ ಹೊಲಿಯುತ್ತೇನೆಂದು ಹಟ ಹಿಡಿದದ್ದು ಅವರೇ.

"ಮೊದಲು ಕೆಮ್ಮಿತು. ಆಮೇಲೆ ಕೆಮ್ಮೂ ಇಲ್ಲ, ಅಳುವೂ ಇಲ್ಲ. ತುಟಿ ನೀಲಿ ಆಯ್ತು. ನಿಮ್ಮನ್ನ ಕೂಗ್ದೆ. ಕೇಳಿಸ್ಲಿಲ್ಲ. ಬಾಗಿಲಿಗೆ ನಾನೇ ಬಟ್ಟೆ ಸಿಕ್ಕಿಸಿದ್ದೆನಲ್ಲ." ಆಯಾ ಮೂಗು ಒರೆಸಿಕೊಂಡಳು. "ನಾಲ್ಕನೇ ಪೆಟ್ಟಿಗೆ ಹೊರಗೆ ಬಿತ್ತು. ಉಸಿರಾಡಿತು, ಅತ್ತಿತು. ಆದ್ರೂ ಡಾಕ್ಟರಿಗೆ ತೋರಿಸಿ ಬಂದೆ."

"ಆಮೇಲಾದ್ರೂ ಎಬ್ಬಿಸಿ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನೀವು ಹೊಲಿದ ಗುಂಡಿ ಅಂತಾನಾ? ನೀವು ಮತ್ತೆ ಸೂಜಿ ಮುಟ್ತಿರ್ಲಿಲ್ಲ. ಅದಕ್ಕೇ ನಿಮಗೆ ಗೊತ್ತಾಗದ ಹಾಗೆ ಎಲ್ಲಾ ಬಿಚ್ಚಿ ಗಟ್ಟಿಯಾಗಿ ಹೊಲಿಯೋಣ ಅಂತ."

ಅಜ್ಜಿ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ನೀನು ತಪ್ಪು ಮಾಡ್ದೆ ಕಣೆ," ಎಂದರು. "ನನ್ನ ಮನಸ್ಸಿಗಿಂತ ಮಗುವಿನ ತಾಯಿಗೆ ತಿಳಿಸೋದು ದೊಡ್ಡದು."

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಆಯಾಳತ್ತ ತಿರುಗಿದಳು.

"ನೀನು ಕೂತ್ಕೋ," ಎಂದು ಅಜ್ಜಿ ಮಗಳನ್ನು ತಡೆದರು. "ಇವತ್ತು ಹೇಳಬೇಕಾದೋಳು ನಾನು."

ಗುಂಡಿಯನ್ನು ಮಗಳ ಅಂಗೈಯಲ್ಲಿಟ್ಟು ಒಂದನ್ನೂ ಬಿಡದೆ ಹೇಳಿದರು. ಮಗಳು ಡಾಕ್ಟರ ಚೀಟಿಯನ್ನು ಎರಡು ಸಲ ಓದಿದಳು. "ನನಗೆ ಫೋನ್ ಮಾಡಬೇಕಿತ್ತು," ಎಂದು ಆಯಾಳಿಗೆ ಗಡುಸಾಗಿಯೇ ಹೇಳಿದಳು. ಆಯಾ ಹೌದೆಂದು ತಲೆಯಾಡಿಸಿದಳು. ಆಮೇಲೆ ಮಗಳ ದನಿ ಇಳಿಯಿತು. "ಇದನ್ನೆಲ್ಲಾ ಎಲ್ಲಿ ಕಲಿತೆ? ನನಗೂ ತೋರಿಸು."

"ಮೊದಲು ಕೆಲಸಕ್ಕಿದ್ದ ಶಿಶುವಿಹಾರದಲ್ಲಿ ರಬ್ಬರ್ ಗೊಂಬೆ ಇಟ್ಟು ಕಲಿಸಿದ್ರು."

ಗೊಂಬೆ ಇರಲಿಲ್ಲ. ಆಯಾ ಬಾಗಿಲಿನ ಬಟ್ಟೆ ತಂದು ಬಿಗಿಯಾಗಿ ಸುತ್ತಿ, ಮುಂಗೈ ಮೇಲೆ ಬೋರಲು ಮಲಗಿಸಿದಳು. "ತಲೆ ಎದೆಗಿಂತ ಕೆಳಗೆ. ಕೈ ದವಡೆ ಹಿಡಿದಿರಬೇಕು, ಗಂಟಲು ಒತ್ತಬಾರದು. ಅಂಗೈ ಬುಡದಿಂದ ಹೆಗಲುಗಳ ನಡುವೆ ಐದು ಪೆಟ್ಟು. ಬರಲಿಲ್ವಾ, ಅಂಗಾತ ತಿರುಗಿಸಿ ಎದೆ ನಡುವೆ ಎರಡು ಬೆರಳಲ್ಲಿ ಐದು ಸಲ ಒತ್ತಬೇಕು. ಮತ್ತೆ ಬೆನ್ನಿಗೆ. ಕಣ್ಣಿಗೆ ಕಾಣದಿದ್ರೆ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತೆ."

ಮಗಳ ಸರದಿ ಮುಗಿದು ಅಜ್ಜಿಯ ಸರದಿ ಬಂತು. ಅವರು ಬಟ್ಟೆಯ ಕೂಸಿನ ಬೆನ್ನು ತಟ್ಟಿದರು.

"ಟೀಚರಮ್ಮ, ಹೀಗೆ ತಟ್ಟಿದ್ರೆ ಮಗು ನಿದ್ದೆ ಹೋಗುತ್ತೆ ಅಷ್ಟೆ."

ಮಗಳು ನಿನ್ನೆ ಸಂಜೆಯಿಂದ ಮೊದಲ ಸಲ ನಕ್ಕಳು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, ಅಂಗೈ ಬಿಗಿಮಾಡಿ, ಈ ಸಲ ನಿಜವಾಗಿಯೇ ಹೊಡೆದರು. ಮಗಳು ಎಣಿಸಿದಳು. ನಾಲ್ಕು ಎನ್ನುವಷ್ಟರಲ್ಲಿ ಒಳಕೋಣೆಯ ಬಾಗಿಲು ಗಾಳಿಗೆ ದಢಾರನೆ ಬಡಿಯಿತು. ಮೂವರೂ ಅತ್ತ ನೋಡಿದರು. ಯಾರೂ ಏಳಲಿಲ್ಲ.