ಸೌಟಕ್ಕ ಓದಿದ ತಟ್ಟೆ

ಸೌಟಕ್ಕನಿಗೆ ಪುಸ್ತಕ ಓದಲು ಬರುತ್ತಿರಲಿಲ್ಲ, ತಟ್ಟೆ ಓದಲು ಬರುತ್ತಿತ್ತು. ಆರು ಮೇಜಿನ ಅವಳ ಹೋಟೆಲಿನಲ್ಲಿ ಉಂಡವರು ತಮ್ಮ ತಟ್ಟೆಯನ್ನು ತಾವೇ ಅಡುಗೆಮನೆಗೆ ತಂದುಕೊಡಬೇಕು. ಓಣಿಯ ಕಡೆಗಿದ್ದ ಕಿಟಕಿಯ ಕೆಳಗೆ ತೊಳೆಯುವ ತೊಟ್ಟಿ. ಅಲ್ಲಿ ನಿಂತು ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಬಸ್ ಡ್ರೈವರ್ ಬ್ರೆಡ್ಡಿನ ಅಂಚು ಬಿಟ್ಟಿದ್ದರೆ, "ಆ ದವಡೆ ಹಲ್ಲು ಕೀಳಿಸ್ಕೊಳ್ಳಪ್ಪ, ಎಷ್ಟು ದಿನ ಅಂತ ಸಾಕ್ತೀಯ?" ಎನ್ನುವಳು. ಟೈಲರಮ್ಮ ತಟ್ಟೆಯಲ್ಲಿ ಮೊಟ್ಟೆ ಬಿಟ್ಟ ದಿನ, ಗಂಡನಿಗೂ ತಿಳಿಯುವ ಮೊದಲೇ, "ತೊಟ್ಟಿಲು ಹುಡುಕ್ಕೋ" ಎಂದಿದ್ದಳು. ಒಮ್ಮೆ ಪೋಸ್ಟ್‌ಮ್ಯಾನ್ ಬಿಟ್ಟ ಮೂರು ಬಟಾಣಿ ನೋಡಿ ಮೂರು ದಿನಕ್ಕೆ ಮಳೆ ಎಂದಳು. ಮಳೆ ಬಂದದ್ದು ನಾಲ್ಕನೇ ದಿನ. ಆಮೇಲೆ ಗೊತ್ತಾಯಿತು, ಚಮಚದ ಕೆಳಗೆ ಇನ್ನೊಂದು ಬಟಾಣಿ ಇತ್ತಂತೆ.

ನಾನೂರು ಊರುಗಳಲ್ಲಿ ಒಂದೇ ಬೋರ್ಡು, ಒಂದೇ ರುಚಿ ಇಟ್ಟುಕೊಂಡಿದ್ದ ಕಂಪನಿ ಹೋಟೆಲಿನವರ ಕಣ್ಣು ಈ ಜಾಗದ ಮೇಲೆ ಬಿತ್ತು. ಕಟ್ಟಡದ ಮುಂದಿನರ್ಧ ಮೈದುನನದು, ಹಿಂದಿನರ್ಧ ಸೌಟಕ್ಕನದು. ಮಾವ ಹಾಗೆ ಬರೆದಿಟ್ಟು ಕಣ್ಣು ಮುಚ್ಚಿದ್ದ. ಮೈದುನನ ಮೀಸೆ ನರೆತಿದ್ದರೂ ಮನೆಯವರಿಗೆಲ್ಲ ಅವನು ಚಿಕ್ಕೋನೇ. ಒಂದು ಮಧ್ಯಾಹ್ನ ಅವನು ಟೈ ಕಟ್ಟಿದ ಕಂಪನಿಯವನನ್ನು ಕರೆತಂದ.

"ಅತ್ತಿಗೆ, ಬಾಡಿಗೆ ಕರಾರಿಗೆ ಒಂದು ಸಹಿ ಹಾಕ್ಬಿಡಿ. ನಿಮ್ಮನ್ನೇ ಇಲ್ಲಿಗೆ ಮ್ಯಾನೇಜರ್ ಮಾಡ್ತಾರೆ. ಅಡುಗೆ ಲಾರೀಲಿ ಬರುತ್ತೆ, ಬಿಸಿ ಮಾಡಿದ್ರೆ ಆಯ್ತು."

"ತಟ್ಟೆ?"

"ಕಾಗದದ್ದು ಮೇಡಂ," ಎಂದ ಟೈನವನು. "ತಿಂದು ಎಸೆಯೋದು. ತೊಳೆಯೋ ಗೋಜೇ ಇಲ್ಲ."

"ಯಾರು ಏನು ಬಿಟ್ರು ಅಂತ ನೋಡೋರು ಯಾರು?"

"ಯಾಕೆ ನೋಡ್ಬೇಕು ಮೇಡಂ?"

ಸೌಟಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೊದ್ಲು ಉಣ್ಣಿ. ಹಸಿದೋರ ಹತ್ರ ನಾನು ವ್ಯವಹಾರ ಮಾತಾಡಲ್ಲ."

ಸಾರು, ಬ್ರೆಡ್ಡು, ಹುರಿದ ಮೀನು ಬಡಿಸಿದಳು. ಟೈನವನು ತಟ್ಟೆಯನ್ನು ಕನ್ನಡಿ ಮಾಡಿ ತಂದುಕೊಟ್ಟ. ಚಿಕ್ಕೋನ ತಟ್ಟೆಯಲ್ಲಿ ಮೀನಿನ ತಲೆ ಹಾಗೇ ಇತ್ತು. ಆ ತಲೆಗಾಗಿ ಅವನು ಚಿಕ್ಕಂದಿನಲ್ಲಿ ಅಣ್ಣನ ಜೊತೆ ಕುಸ್ತಿಗೆ ಬೀಳುತ್ತಿದ್ದ. ಆ ಅಣ್ಣ, ಸೌಟಕ್ಕನ ಗಂಡ, ತೀರಿಕೊಂಡ ವಾರವೂ ಚಿಕ್ಕೋನು ಅದನ್ನು ಬಿಟ್ಟವನಲ್ಲ.

ಸೌಟಕ್ಕ ತಟ್ಟೆಯನ್ನು ಬಹಳ ಹೊತ್ತು ಬೆಳಕಿಗೆ ಹಿಡಿದಳು.

"ಚಿಕ್ಕೋನೇ, ನಿನ್ನರ್ಧಕ್ಕೆ ಆಗ್ಲೇ ಸಹಿ ಹಾಕಿದ್ದೀಯ."

ಅವನು ಟೈನವನ ಮುಖ ನೋಡಿದ. "ಯಾರು ಹೇಳಿದ್ರು?"

"ಇದೇ. ಬಾಯಿ ಬಿಟ್ಕೊಂಡು ಹೇಳ್ತಿದೆ ನೋಡು."

ಚಿಕ್ಕೋನು ಗಂಟಲು ಸರಿಮಾಡಿಕೊಂಡ. "ನೀವು ಸಹಿ ಹಾಕದಿದ್ರೆ ಮಧ್ಯೆ ಗೋಡೆ ಎಬ್ಬಿಸ್ತಾರೆ ಅತ್ತಿಗೆ. ಬಾಗಿಲು ಇರೋದು ನನ್ನ ಕಡೆ. ಗಿರಾಕಿಗಳು ಗಾಳೀಲಿ ಹಾರ್ಕೊಂಡು ಬರ್ತಾರಾ?"

"ಎಬ್ಬಿಸ್ಲಿ. ಈ ಕೈ ಇರೋದು ಸೌಟು ಹಿಡಿಯೋಕೆ. ನಿಮ್ಮ ಪೆನ್ನು ನೀವೇ ಇಟ್ಕೊಳ್ಳಿ."

ಹದಿನೈದು ದಿನಕ್ಕೆ ಗೋಡೆ ಎದ್ದಿತು. ಆಚೆ ಗಾಜಿನ ಬಾಗಿಲು, ಮಿನುಗುವ ಬೋರ್ಡು. ಈಚೆ ಮೂರು ಮೇಜು, ಒಲೆ, ಕಿಟಕಿ. ಸೌಟಕ್ಕ ಕಿಟಕಿಯ ಸರಳು ಕೀಳಿಸಿ, ತೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಓಣಿಯಲ್ಲಿ ಒಂದು ಸ್ಟೂಲು ಇಟ್ಟಳು. ಮೊದಲ ದಿನ ಒಂದು ನೊಣವೂ ಬರಲಿಲ್ಲ. ಮಾಡಿದ ಸಾರನ್ನು ತಾನೇ ಕುಡಿದು, ತನ್ನ ತಟ್ಟೆಯನ್ನು ತಾನೇ ಓದಿ, "ನಾಳೆ ಬರ್ತಾರೆ" ಎಂದಳು.

ಮರುದಿನ ಟೈಲರಮ್ಮ ಮೊದಲು ಕೂಸನ್ನು ಕಿಟಕಿಯಿಂದ ಒಳಗೆ ದಾಟಿಸಿ ಆಮೇಲೆ ತಾನು ದಾಟಿದಳು. ಪೋಸ್ಟ್‌ಮ್ಯಾನ್ ಹಿಂದಿನಿಂದ ಬಂದ. ಬಸ್ ಡ್ರೈವರ್ ಸೊಂಟದ ಹತ್ತಿರ ಸಿಕ್ಕಿಕೊಂಡ. ಒಳಗಿನವರು ಕೈ ಹಿಡಿದು ಎಳೆದರು, ಹೊರಗಿನವರು ಕಾಲು ಹಿಡಿದು ನೂಕಿದರು. "ಮೊದ್ಲು ಸಾರು ಕೊಡಿ, ಆಮೇಲೆ ಎಳೀರಿ" ಎಂದ. ಕುಡಿದ ಮೇಲೆ ಇನ್ನಷ್ಟು ಬಿಗಿಯಾದ. ನೇತಾಡುತ್ತಲೇ ಎರಡು ಮೀನು ಮುಗಿಸಿದ. ಕೊನೆಗೆ ಕಂಡಕ್ಟರ್ ಬೀದಿಯಿಂದ ಸೀಟಿ ಊದಿದಾಗಲೇ, ಬಾಟಲಿಯ ಬಿರಡೆಯಂತೆ ಓಣಿಗೆ ಚಿಮ್ಮಿದ್ದು.

"ಓಣಿ ಕಡೆ ಗೋಡೆ ಒಡೆದು ಬಾಗಿಲು ಇಡ್ಸಿ ಸೌಟಕ್ಕ," ಎಂದ ಪೋಸ್ಟ್‌ಮ್ಯಾನ್.

"ಯಾಕೆ? ಬಾಗಿಲಿದ್ರೆ ಹಸಿವಿಲ್ದೋರೂ ಬರ್ತಾರೆ."

ಆರು ತಿಂಗಳಾದ ಮೇಲೆ ಒಂದು ದಿನ, ಜನ ಕರಗಿದ ಹೊತ್ತಿನಲ್ಲಿ, ಸ್ಟೂಲು ಕಿರುಗುಟ್ಟಿತು. ಮೊದಲು ನರೆತ ಮೀಸೆ ಒಳಗೆ ಬಂತು, ಆಮೇಲೆ ಒಂದು ಕಾಲು. ಚಿಕ್ಕೋನು ಕಿಟಕಿಯ ಮೇಲೆ ಕುದುರೆ ಏರಿದಂತೆ ಕುಳಿತೇ ಹೇಳಿದ, "ಆ ಕಡೆ ನಾನು ದಿನಾ ಅರ್ಧ ಊಟ ಬಿಟ್ಟೆ ಅತ್ತಿಗೆ. ಒಬ್ರೂ ಯಾಕೆ ಅಂತ ಕೇಳ್ಲಿಲ್ಲ."

ಸೌಟಕ್ಕ ಒಲೆ ಉರಿ ಹೆಚ್ಚಿಸಿದಳು.

"ಕರಾರು ಮುಗೀಲಿ, ಆ ಗೋಡೆ ನಾನೇ ಒಡಿಸ್ತೀನಿ. ಅವತ್ತು ಏನಾಯ್ತು ಅಂದ್ರೆ..."

"ಗೋಡೆ ಇರ್ಲಿ, ನಮಗೆ ಕಿಟಕಿ ಒಗ್ಗಿದೆ." ಅವಳು ಮೀನಿನ ತಲೆಯಿದ್ದ ತುಂಡನ್ನೇ ಹುಡುಕಿ ತಟ್ಟೆಗೆ ಹಾಕಿ ಅವನ ಮುಂದೆ ಹಿಡಿದಳು. "ಬಾಯಿ ಮಾತು ಬೇಡ. ಇಳಿದು ಉಣ್ಣು. ತಟ್ಟೆ ತಂದುಕೊಡು, ನಾನು ಓದ್ಕೋತೀನಿ."